ಕಂಕನಾಡಿಯ ಫಾದರ್ ಮುಲ್ಲರ್

(ಧರ್ಮಕೇಂದ್ರದ ಯುವಜನ ಬಳಗದಿಂದ)



ನವೆಂಬರ್ ತಿಂಗಳಲ್ಲಿ ನಾವೆಲ್ಲ ಸಮಾಧಿಗಳಿಗೆ ಸುಣ್ಣ ಬಳಿದು, ಹೂವು ಇಟ್ಟು, ಮೇಣದಬತ್ತಿ ಹಚ್ಚಿ ಅಗಲಿದವರ ಹೆಸರು ಹೇಳಿ ಪ್ರಾರ್ಥಿಸುತ್ತೇವೆ. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಮಂಗಳೂರಿನ ಕಂಕನಾಡಿಯಲ್ಲಿ ಒಬ್ಬ ಯಾಜಕರು ಪ್ರಭುವಿನಲ್ಲಿ ನಿದ್ರೆಹೋದರು. ಅವರಿಗೆ ಆಗ 69 ವರ್ಷ. ಹೆಸರು ಅಗಸ್ಟಸ್ ಮುಲ್ಲರ್, ಯೇಸುಸಭೆಯವರು. ಕರಾವಳಿಯಲ್ಲಿ ಈಗಲೂ ಅವರ ಹೆಸರನ್ನು ಜನ ದಿನವಿಡೀ ಹೇಳುತ್ತಾರೆ. ಅಜ್ಜಿಯನ್ನು ಎಲ್ಲಿಗೆ ಸೇರಿಸಿದ್ದೀರಿ ಎಂದು ಕೇಳಿದರೆ ಫಾದರ್ ಮುಲ್ಲರ್‌ಗೆ ಎನ್ನುತ್ತಾರೆ. ಬಸ್ಸಿನ ಕಂಡಕ್ಟರೂ ಅದೇ ಹೆಸರು ಕೂಗುತ್ತಾನೆ. ಆಸ್ಪತ್ರೆಯ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಎಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ.

ಕಂಬಂ ಕಣಿವೆ, ಥೇಣಿ, ದಿಂಡಿಗಲ್ ಸೀಮೆಯಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಬಾಳುವ ಕನ್ನಡದ ಕಥೋಲಿಕರಾದ ನಮಗೆ ಅವರ ಕಥೆ ಏಕೆ ಬೇಕು ಎಂದು ಕೇಳಬಹುದು. ಬಲಿಪೂಜೆ ಹೆಚ್ಚಾಗಿ ತಮಿಳಿನಲ್ಲಿ, ಘಟ್ಟದ ಮೇಲಿನ ಎಸ್ಟೇಟುಗಳಲ್ಲಿ ಮಲಯಾಳದಲ್ಲಿ, ಮನೆಯ ಜಪಸರ ಮಾತ್ರ ಕನ್ನಡದಲ್ಲಿ ಎಂಬಂಥ ಬದುಕು ನಮ್ಮದು. ಮುಲ್ಲರ್ ಸ್ವಾಮಿಗಳು ಬಂದಿಳಿದ ಮಂಗಳೂರೂ ಹೀಗೆಯೇ ಇತ್ತು. ಇಗರ್ಜಿಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಬಂದರಿನಲ್ಲಿ ಬ್ಯಾರಿ ಮತ್ತು ಮಲಯಾಳ. ಇವುಗಳಲ್ಲಿ ಒಂದೂ ಅವರ ತಾಯ್ನುಡಿಯಲ್ಲ. ಆದರೆ ಅವರನ್ನು ಈ ಸಂಚಿಕೆಗೆ ಆರಿಸಿಕೊಳ್ಳಲು ಬೇರೆ ಕಾರಣ ಇದೆ. ಕೊರೋನಾ ಕಾಲದಲ್ಲಿ ನಮ್ಮ ಸುತ್ತಮುತ್ತ ನಡೆದ ಕೆಲವು ಸಂಗತಿಗಳನ್ನು ನಾವು ಮರೆಯುವ ಹೊತ್ತಿಗೆ ಬಂದಿದ್ದೇವೆ. ಅವುಗಳ ಬಗ್ಗೆ ಮಾತಾಡಲು ಈ ಸ್ವಾಮಿಗಳ ಜೀವನದಷ್ಟು ಹತ್ತಿರದ ದಾರಿ ನಮಗೆ ಕಾಣಲಿಲ್ಲ.

ಮುಲ್ಲರ್ ಹುಟ್ಟಿದ್ದು 1841ರ ಮಾರ್ಚ್ 13ರಂದು, ಜರ್ಮನಿಯ ವೆಸ್ಟ್‌ಫಾಲಿಯಾ ಸೀಮೆಯ ಮ್ಯೂನ್‌ಸ್ಟರ್ ಪಟ್ಟಣದಲ್ಲಿ. ಅದು ಅಪ್ಪಟ ಕಥೋಲಿಕ ಊರು. ಅವರು ಯೇಸುಸಭೆಗೆ ಸೇರಿ ಯಾಜಕರಾದರು. ಆ ಕಾಲದಲ್ಲಿ ಜರ್ಮನಿಯ ಸರ್ಕಾರಕ್ಕೂ ಧರ್ಮಸಭೆಗೂ ದೊಡ್ಡ ಜಗಳ ನಡೆದಿತ್ತು. 1872ರ ಒಂದು ಕಾನೂನು ಯೇಸುಸಭೆಯವರಿಗೆ ಆ ದೇಶದ ಬಾಗಿಲನ್ನೇ ಮುಚ್ಚಿತು. ತಾಯ್ನಾಡಿನಲ್ಲಿ ನೆಲೆಯಿಲ್ಲದವರು ದೂರದೇಶಗಳಿಗೆ ಹೊರಟರು. 1878ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಮಂಗಳೂರು ಮಿಷನ್ನನ್ನು ಕಾರ್ಮೆಲ್ ಸಭೆಯವರಿಂದ ಯೇಸುಸಭೆಗೆ ವಹಿಸಿದರು. ಅದೇ ವರ್ಷದ ಡಿಸೆಂಬರ್ 31ರಂದು ಮೊದಲ ತಂಡ ಮಂಗಳೂರಿಗೆ ಬಂದಿಳಿಯಿತು. ಆ ತಂಡದಲ್ಲಿ ಕೊಂಕಣಿ ವ್ಯಾಕರಣ ಬರೆದು ಹೆಸರಾದ ಆಂಜೆಲೊ ಮಾಫೆಯಿ ಇದ್ದರು. 37 ವಯಸ್ಸಿನ ಮುಲ್ಲರ್ ಕೂಡ ಇದ್ದರು. ಅವರ ಸಾಮಾನಿನಲ್ಲಿ ಹೋಮಿಯೋಪತಿ ಔಷಧಿಯ ಒಂದು ಪುಟ್ಟ ಪೆಟ್ಟಿಗೆ ಇತ್ತು.

1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಹುಡುಗರಿಗೆ ಜ್ವರವೋ ಹೊಟ್ಟೆನೋವೋ ಬಂದರೆ ಸ್ವಾಮಿಗಳ ಪೆಟ್ಟಿಗೆ ತೆರೆಯುತ್ತಿತ್ತು. ಸುದ್ದಿ ಹರಡಿ ಹೊರಗಿನ ಬಡವರೂ ಬರತೊಡಗಿದರು. ಆಲದ ಮರದ ಕೆಳಗೆ ಕೂತು ಔಷಧಿ ಕೊಡುತ್ತಿದ್ದರು ಎಂದು ಕಂಕನಾಡಿಯ ಕಡೆ ಈಗಲೂ ಹೇಳುತ್ತಾರೆ. ಅದೇ ವರ್ಷ ಬಡವರಿಗಾಗಿ ಒಂದು ಹೋಮಿಯೋಪತಿ ಔಷಧಾಲಯ ಹುಟ್ಟಿತು. ಆಗಿನ ಕಂಕನಾಡಿ ಊರಾಚೆಯ ಗುಡ್ಡ.

ಇಲ್ಲಿ ಒಂದು ಮಾತು. ನಾವು ಬಿಎಸ್ಸಿ ಓದಿದವರು. ಹೋಮಿಯೋಪತಿಯಲ್ಲಿ ಔಷಧಿಯನ್ನು ಮತ್ತೆ ಮತ್ತೆ ತೆಳು ಮಾಡುತ್ತಾ ಹೋದರೆ ಕೊನೆಗೆ ಮೂಲ ವಸ್ತುವಿನ ಒಂದು ಅಣುವೂ ಉಳಿಯುವುದಿಲ್ಲ ಎಂದು ಲೆಕ್ಕ ಹಾಕಬಲ್ಲೆವು. ಆದ್ದರಿಂದ ಆ ಸಿಹಿ ಗುಳಿಗೆಗಳೇ ರೋಗ ಗುಣಪಡಿಸಿದವು ಎಂದು ನಮ್ಮಿಂದ ಬರೆಯಲಾಗದು. ಆದರೆ 1880ರ ದೊಡ್ಡ ಡಾಕ್ಟರರ ಚೀಲದಲ್ಲೂ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಪಾದರಸದ ಔಷಧಿ, ಕಠಿಣವಾದ ಭೇದಿ ಔಷಧಿಗಳು ರೋಗಿಯನ್ನು ಇನ್ನಷ್ಟು ಸೊರಗಿಸುತ್ತಿದ್ದ ಕಾಲ ಅದು. ಆಂಟಿಬಯೋಟಿಕ್ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಹೊಟ್ಟೆಗೆ ಗಂಜಿ, ಕುಡಿಯಲು ಶುದ್ಧ ನೀರು, ಒಣ ಹಾಸಿಗೆ, ಗಾಯ ತೊಳೆಯುವ ಕೈ ಇಷ್ಟು ಸಿಕ್ಕಿದವನು ಬದುಕುವ ಸಾಧ್ಯತೆ ನಿಜಕ್ಕೂ ಹೆಚ್ಚು. ಮುಲ್ಲರ್ ಸ್ವಾಮಿಗಳು ಗುಳಿಗೆಯ ಜೊತೆಗೆ ಇದನ್ನೆಲ್ಲ ಕೊಟ್ಟರು.

ಗುಳಿಗೆಯಿಂದ ಇನ್ನೊಂದು ಲಾಭವೂ ಆಯಿತು. ಯೂರೋಪಿನಿಂದ ಔಷಧಿ ತರಿಸಿ, ಅದರ ಬಳಕೆಯ ಬಗ್ಗೆ ಕೈಪಿಡಿಗಳನ್ನು ಅಚ್ಚು ಹಾಕಿಸಿ, ಅಂಚೆಯ ಮೂಲಕ ದೇಶದ ಮೂಲೆಮೂಲೆಗೆ ಮಾರತೊಡಗಿದರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿಯವರೆಗೆ ಪಾರ್ಸೆಲ್ಲುಗಳು ಹಡಗು ಮತ್ತು ಗಾಡಿಗಳಲ್ಲೇ ಹೋಗಬೇಕಿತ್ತು. ಹಣ ಇದ್ದವರು ಕೊಂಡ ಔಷಧಿಯ ಲಾಭದಿಂದ ಹಣ ಇಲ್ಲದವರ ಹಾಸಿಗೆ, ಅನ್ನ, ಬಟ್ಟೆ ನಡೆಯುತ್ತಿತ್ತು. ಧರ್ಮಕಾರ್ಯ ಎಂದರೆ ಕೈಯೊಡ್ಡುವುದು ಎಂದುಕೊಂಡಿರುವ ನಮ್ಮಂಥ ಯುವಜನ ಸಮಿತಿಗಳು ಈ ಅಂಗಡಿ ಬುದ್ಧಿಯನ್ನು ಕಲಿಯಬೇಕು.

ಈಗ ಕುಷ್ಠರೋಗಿಗಳ ವಿಷಯ. ಆ ಕಾಲದಲ್ಲಿ ಮನೆಯ ಯಜಮಾನನಿಗೇ ಕುಷ್ಠ ಕಾಣಿಸಿಕೊಂಡರೂ ಮೊದಲು ಅವನ ತಟ್ಟೆ ಬೇರೆಯಾಗುತ್ತಿತ್ತು, ಆಮೇಲೆ ಹಾಸಿಗೆ, ಆಮೇಲೆ ಗದ್ದೆಯ ಬದಿಯಲ್ಲಿ ಒಂದು ಗುಡಿಸಲು. ಅಷ್ಟು ಹೊತ್ತಿಗೆ ಜಮೀನಿನ ಮಾತಿನಲ್ಲಿ ಅವನಿಗೆ ಬಾಯಿ ಇರುತ್ತಿರಲಿಲ್ಲ. ಹೆಂಗಸರಾದರೆ ಗುಡಿಸಲೂ ಇಲ್ಲ, ದಾರಿಯೇ ಗತಿ. ಅವರು ಮಕ್ಕಳಲ್ಲ. ಬೆಳೆದವರು, ದುಡಿದವರು, ಸಂಸಾರ ನಡೆಸಿದವರು. ರೋಗ ಬಂದ ಒಂದೇ ಕಾರಣಕ್ಕೆ ತಮ್ಮ ಬಗ್ಗೆ ತಾವೇ ತೀರ್ಮಾನಿಸುವ ಶಕ್ತಿ ಕಳೆದುಕೊಂಡವರು. ಇಂದು ಧರ್ಮಸಭೆಯ ದಾಖಲೆಗಳಲ್ಲಿ ಅಸಹಾಯಕ ವಯಸ್ಕರು ಎಂದು ಕರೆಯುವುದು ಇಂಥವರನ್ನೇ.

ಮುಲ್ಲರ್ ಸ್ವಾಮಿಗಳ ಔಷಧಾಲಯಕ್ಕೆ ಇವರೂ ಬಂದರು. ಔಷಧಿ ಕೊಟ್ಟು ಕಳಿಸಿದರೆ ಇವರು ಹೋಗುವುದು ಎಲ್ಲಿಗೆ? 1890ರಲ್ಲಿ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಶ್ರಯ ಆರಂಭವಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಮೊಲೊಕಾಯಿ ದ್ವೀಪದಲ್ಲಿ ಫಾದರ್ ಡೇಮಿಯನ್ ಕುಷ್ಠದಿಂದಲೇ ತೀರಿಕೊಂಡಿದ್ದರು. ಆ ಸುದ್ದಿ ಲೋಕವನ್ನೆಲ್ಲ ಸುತ್ತಿ ರೋಗದ ಭಯವನ್ನು ಇನ್ನಷ್ಟು ಹೆಚ್ಚಿಸಿತ್ತು. ರೋಗಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಕಂಡುಹಿಡಿದಿದ್ದರೂ ಮದ್ದು ಇರಲಿಲ್ಲ. ಗರುಡಫಲದ ಎಣ್ಣೆಯ ಜಾತಿಯ ಕೆಲವು ಎಣ್ಣೆಗಳನ್ನು ಹಚ್ಚುತ್ತಿದ್ದರು, ಕುಡಿಸುತ್ತಿದ್ದರು. ನಿಜವಾಗಿ ಕೆಲಸ ಮಾಡುವ ಮಾತ್ರೆ ಬಂದದ್ದು 1940ರ ದಶಕದಲ್ಲಿ. ಈಗ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುವ ಬಹು ಔಷಧಿ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1982ರ ಹೊತ್ತಿಗೆ. ಕುಷ್ಠದಲ್ಲಿ ನರಗಳು ಸತ್ತು ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ. ಕಲ್ಲು ಚುಚ್ಚಿದರೂ, ಕೆಂಡ ತಾಗಿದರೂ ತಿಳಿಯದು. ಗಾಯ ಕೊಳೆತು ಬೆರಳು ಹೋಗುತ್ತದೆ. ಅದನ್ನು ತಡೆಯಲು ಯಾರಾದರೂ ದಿನವೂ ಆ ಪಾದವನ್ನು ಕೈಯಲ್ಲಿ ಹಿಡಿದು ನೋಡಬೇಕು, ತೊಳೆಯಬೇಕು, ಬಟ್ಟೆ ಕಟ್ಟಬೇಕು. ಆಶ್ರಯದಲ್ಲಿ ಆದದ್ದು ಮುಖ್ಯವಾಗಿ ಈ ಕೆಲಸ. ದೊಡ್ಡ ವಿಜ್ಞಾನವೇನೂ ಅಲ್ಲ. ಆದರೆ ಮಾಡಲು ಜನ ಸಿಗುತ್ತಿರಲಿಲ್ಲ.

1898ರಲ್ಲಿ ಬ್ರಿಟಿಷ್ ಸರ್ಕಾರ ಕುಷ್ಠರೋಗಿಗಳ ಕಾನೂನು ತಂದಿತು. ಭಿಕ್ಷೆ ಬೇಡುವ ರೋಗಿಯನ್ನು ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು ಎಂದು ಅದರಲ್ಲಿ ಇತ್ತು. ಬೀದಿಯಿಂದ ಅವರನ್ನು ತೆಗೆದುಹಾಕುವುದು ಕಾನೂನಿನ ಚಿಂತೆ. ಆ ಕಾನೂನು ಸ್ವತಂತ್ರ ಭಾರತದಲ್ಲೂ ಎಷ್ಟೋ ಕಾಲ ಪುಸ್ತಕದಲ್ಲೇ ಉಳಿದು, ರದ್ದಾದದ್ದು 2016ರಲ್ಲಿ. ಗಂಡನಿಗೋ ಹೆಂಡತಿಗೋ ಕುಷ್ಠ ಇದೆ ಎಂಬುದು ವಿಚ್ಛೇದನಕ್ಕೆ ಸಾಕಷ್ಟು ಕಾರಣವಾಗಿ 2019ರವರೆಗೂ ಇತ್ತು. ಇದನ್ನು ಓದಿದಾಗ ನಾವು ಒಂದು ಗಳಿಗೆ ಸುಮ್ಮನಾದೆವು.

ಅಷ್ಟರಲ್ಲಿ ಪ್ಲೇಗು ಬಂತು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, 1898ರಲ್ಲಿ ಬೆಂಗಳೂರು, ಮೈಸೂರುಗಳನ್ನು ಹೊಕ್ಕು ಸಾವಿರಾರು ಜನರನ್ನು ತಿಂದಿತು. ದೇಶದಲ್ಲಿ ಮುಂದಿನ ಎರಡು ಮೂರು ದಶಕಗಳಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿ ಮೀರಿತು. ಮಂಗಳೂರು ಬಂದರು, ಮುಂಬಯಿಯ ಹಡಗುಗಳು ನಿಲ್ಲುವ ಊರು. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಕಾಂಗಿನಲ್ಲಿ ಗುರುತಿಸಿದ್ದರು. ಇಲಿಯ ಮೈಮೇಲಿನ ಚಿಗಟ ಅದನ್ನು ಹರಡುತ್ತದೆ ಎಂದು ಸಿಮಾಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ಮೊದಲು ನಂಬಿದವರು ಕಡಿಮೆ. ಹೀಗಾಗಿ ಸರ್ಕಾರ ಮನುಷ್ಯರನ್ನೇ ಹಿಡಿಯಲು ಹೊರಟಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. 2020ರಲ್ಲಿ ನಮ್ಮ ಊರುಗಳಿಗೆ ಬೀಗ ಹಾಕಲು ಬಳಸಿದ್ದರಲ್ಲಿ ಅದೇ ಕಾಯಿದೆಯೂ ಒಂದು. ಮನೆ ಹೊಕ್ಕು ಹುಡುಕುವುದು, ಸಾಮಾನು ಸುಡುವುದು, ರೋಗಿಯನ್ನು ಬೇರೆ ಶಿಬಿರಕ್ಕೆ ಒಯ್ಯುವುದು, ನಮ್ಮ ಮದ್ರಾಸ್ ಪ್ರಾಂತ್ಯದಲ್ಲಿ ಪ್ರಯಾಣಿಕರಿಗೆ ಪ್ಲೇಗು ಪಾಸ್‌ಪೋರ್ಟ್ ಕೊಟ್ಟು ದಿನಾ ಹಾಜರಿ ಹಾಕಿಸುವುದು. ಪುಣೆಯಲ್ಲಿ ಇದೇ ಸಿಟ್ಟಿಗೆ ಪ್ಲೇಗು ಅಧಿಕಾರಿ ರ‍್ಯಾಂಡ್ ಕೊಲೆಯಾಯಿತು.

ಜನ ಏನು ಮಾಡಿದರು? ಎರಡು ಬಗೆ. ಕೆಲವರು ರೋಗಿಯನ್ನು ಅಟ್ಟದಲ್ಲಿ, ಒಳಕೋಣೆಯಲ್ಲಿ ಬಚ್ಚಿಟ್ಟರು. ಮೈಸೂರು ಸೀಮೆಯಲ್ಲಿ ಇಲಿ ಬಿದ್ದಿತು ಎಂದರೆ ಸಾಕು, ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕುತ್ತಿತ್ತು. ಅದು ವಿವೇಕದ ಕೆಲಸವೇ, ಇಲಿಯಿಂದ ದೂರ ಹೋದಂತಾಯಿತು. ಆದರೆ ನಡೆಯಲಾಗದ ಮುದುಕಿ, ತೊಡೆಸಂದಿಯಲ್ಲಿ ಗೆಡ್ಡೆ ಎದ್ದು ಜ್ವರದಲ್ಲಿ ಬಡಬಡಿಸುವ ಮಗ, ಇವರನ್ನು ಎತ್ತಿಕೊಂಡು ಹೋಗುವವರು ಎಲ್ಲ ಮನೆಯಲ್ಲೂ ಇರಲಿಲ್ಲ. ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟು ಹೋದವರ ಕಥೆಗಳನ್ನು ನಮ್ಮ ಹಿರಿಯರು ಅವರ ಹಿರಿಯರಿಂದ ಕೇಳಿದ್ದಾರೆ.

1902ರಲ್ಲಿ ಮುಲ್ಲರ್ ಸ್ವಾಮಿಗಳು ಕಂಕನಾಡಿಯಲ್ಲಿ ಪ್ಲೇಗು ಆಸ್ಪತ್ರೆ ತೆರೆದರು. ಅವರಿಗೆ ಆಗ ಅರವತ್ತು ದಾಟಿತ್ತು. ನಾವು ಇದನ್ನು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಬಹುದಿತ್ತು, ಅವರ ಬಗ್ಗೆ ಬರೆಯುವವರು ಹೆಚ್ಚಾಗಿ ಹಾಗೆಯೇ ಮಾಡುತ್ತಾರೆ. ಆದರೆ ಸ್ವಲ್ಪ ಯೋಚಿಸಿ. ಪ್ಲೇಗು ಹಿಡಿದವರಲ್ಲಿ ಚಿಕಿತ್ಸೆಯಿಲ್ಲದೆ ಅರ್ಧಕ್ಕಿಂತ ಹೆಚ್ಚು ಜನ ಸಾಯುತ್ತಾರೆ. ಆಗ ಚಿಕಿತ್ಸೆ ಎಂಬುದೇ ಇರಲಿಲ್ಲ. ಅಂದರೆ ಈ ಆಸ್ಪತ್ರೆಗೆ ಬಂದವರಲ್ಲಿ ಬಹುಪಾಲು ಜನ ಸಾಯಲಿಕ್ಕೇ ಬಂದವರು ಎಂದು ತೆರೆಯುವವರಿಗೆ ಮೊದಲೇ ಗೊತ್ತು. ಗುಣವಾದವರ ಲೆಕ್ಕ ತೋರಿಸಿ ದಾನಿಗಳನ್ನು ಮೆಚ್ಚಿಸುವ ಹಾಗಿಲ್ಲ. ಕುಷ್ಠರೋಗಿಗಳ ಜೊತೆ ಬದುಕಿದ ಮನುಷ್ಯನಿಗೆ ಒಂದು ಸಂಗತಿ ತಿಳಿದಿರಬೇಕು. ಗುಣಪಡಿಸಲಾಗದ ರೋಗಿಗೂ ಮಾಡಬೇಕಾದ ಕೆಲಸ ಬೇಕಾದಷ್ಟು ಇರುತ್ತದೆ. ಬಾಯಿ ಒಣಗಿದಾಗ ನೀರು, ಮೈಲಿಗೆಯಾದ ಬಟ್ಟೆ ಬದಲಿಸುವುದು, ಅಭ್ಯಂಗ ಸಂಸ್ಕಾರ, ಸತ್ತ ಮೇಲೆ ಹೆಸರು ಬರೆದ ಒಂದು ಸಮಾಧಿ. ಸರ್ಕಾರದ ಶಿಬಿರಕ್ಕೆ ಹೆದರಿದ ಜನಕ್ಕೆ ಪರಿಚಯದ ಸ್ವಾಮಿಯೊಬ್ಬರು ಇರುವ ಜಾಗ ಬೇರೆಯಾಗಿ ಕಂಡಿರಬೇಕು. ಇಪ್ಪತ್ತೆರಡು ವರ್ಷ ಅದೇ ಗುಡ್ಡದ ಮೇಲೆ ಬಡವರಿಗೆ ಗುಳಿಗೆ ಕೊಟ್ಟ ಕೈಗಳು ಅವು.

ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕ ಕೊಟ್ಟಿತು.

ಈಗ ನಮ್ಮ ಕಣಿವೆಯ ಕಡೆ ಬರೋಣ. ಇಲ್ಲಿ ಮನೆಮನೆಯಲ್ಲೂ ಫೋಟೋ ಇರುವ ಇನ್ನೊಬ್ಬ ಬಿಳಿಯ ಮನುಷ್ಯ ಇದ್ದಾರೆ, ಕರ್ನಲ್ ಜಾನ್ ಪೆನ್ನಿಕ್ವಿಕ್. ಜನವರಿ 15ಕ್ಕೆ ನಮ್ಮ ನೆರೆಯವರು ಅವರ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಕಂಬಂನ ಕನ್ನಡ ಮಾತಾಡುವ ಒಕ್ಕಲಿಗರ ಗದ್ದೆಗಳೂ ಅವರು ತಿರುಗಿಸಿದ ಪೆರಿಯಾರ್ ನೀರನ್ನೇ ಕುಡಿಯುತ್ತವೆ. ಈ ಬರಹಕ್ಕೆ ತಾರೀಖು ಹೊಂದಿಸುವಾಗ ನಮಗೆ ಅಚ್ಚರಿಯಾಯಿತು. ಪೆನ್ನಿಕ್ವಿಕ್ ಹುಟ್ಟಿದ್ದೂ 1841ರಲ್ಲೇ, ಮುಲ್ಲರ್ ಅವರಿಗಿಂತ ಎರಡು ತಿಂಗಳು ಮೊದಲು, ಪುಣೆಯಲ್ಲಿ. ತೀರಿಕೊಂಡದ್ದು 1911ರ ಮಾರ್ಚ್ 9ರಂದು, ಮುಲ್ಲರ್ ಅವರ ನಂತರ ನಾಲ್ಕು ತಿಂಗಳಿಗೆ. ಕಂಕನಾಡಿಯಲ್ಲಿ ಕುಷ್ಠರೋಗಿಗಳ ಆಶ್ರಯ ಏಳುವಾಗ ಕುಮುಳಿಯ ಕಾಡಿನಲ್ಲಿ ಅಣೆಕಟ್ಟು ಏಳುತ್ತಿತ್ತು. 1887ರಲ್ಲಿ ಶುರುವಾದ ಕೆಲಸ 1895ರ ಅಕ್ಟೋಬರಿನಲ್ಲಿ ಉದ್ಘಾಟನೆಗೆ ಬಂತು. ಆ ವರ್ಷಗಳಲ್ಲಿ ಮಲೇರಿಯಾ, ಕಾಲರಾ ಮೊದಲಾದ ರೋಗಗಳಿಂದ ಸತ್ತು ಅಲ್ಲೇ ಮಣ್ಣಾದವರು 483 ಜನ. ಬೇಸಿಗೆಯ ಜ್ವರದ ತಿಂಗಳುಗಳಲ್ಲಿ ಕೆಲಸವನ್ನೇ ನಿಲ್ಲಿಸಬೇಕಾಗುತ್ತಿತ್ತು. ಮಲೇರಿಯಾಕ್ಕೆ ಸೊಳ್ಳೆ ಕಾರಣವೆಂದು ರೋನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ, ಅಣೆಕಟ್ಟು ಮುಗಿದು ಎರಡು ವರ್ಷದ ಮೇಲೆ. ಕರ್ನಲ್ ಅವರ ಉಪಕಾರವನ್ನು ನಾವು ಸಣ್ಣದು ಮಾಡುತ್ತಿಲ್ಲ, ನಮ್ಮ ಅನ್ನ ಅದರಿಂದಲೇ ಬಂದದ್ದು. ಆದರೆ ಲೋವರ್ ಕ್ಯಾಂಪಿನ ಸ್ಮಾರಕಕ್ಕೆ ಹೋಗುವವರು ಆ 483 ಕೂಲಿಗಳಿಗೂ ಒಂದು ಪರಲೋಕ ಮಂತ್ರ ಹೇಳಬಹುದು, ಅದರಲ್ಲೂ ಈ ತಿಂಗಳು.

ಪ್ಲೇಗು ನಮ್ಮ ಕಣಿವೆಗೂ ಬಂದಿತ್ತು. ಬಂದು ಹೋಗಲೂ ಇಲ್ಲ, ವರ್ಷಗಟ್ಟಲೆ ಇಲ್ಲೇ ನೆಲೆ ನಿಂತಿತು. ಎಷ್ಟರಮಟ್ಟಿಗೆ ಎಂದರೆ ಕಂಬಂ ಕಣಿವೆಯ ಪ್ಲೇಗಿನ ಬಗ್ಗೆಯೇ ಬೇರೆ ತನಿಖೆ ನಡೆದು, ಅದರ ವರದಿ 1934ರಲ್ಲಿ ದೇಶದ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆಯ ಇಲಿ ಮತ್ತು ಅದರ ಚಿಗಟ ತನಿಖೆಯ ವಿಷಯ. ರೋಗಿಯ ಹಾಸಿಗೆಯ ಪಕ್ಕ ಯಾರು ಕೂತಿದ್ದರು ಎಂಬುದು ಇಂಥ ಪತ್ರಿಕೆಗಳ ವಿಷಯವಲ್ಲ.

ನೂರು ವರ್ಷ ದಾಟಿ 2020ಕ್ಕೆ ಬಂದರೆ, ಮಾರ್ಚ್ ಕೊನೆಯಲ್ಲಿ ಕುಮುಳಿ, ಬೋಡಿಮೆಟ್ಟು ಗಡಿಗಳು ಮುಚ್ಚಿದವು. ಏಲಕ್ಕಿ ತೋಟಕ್ಕೆ ಜೀಪಿನಲ್ಲಿ ಹೋಗಿ ಬರುತ್ತಿದ್ದವರ ದಿನಗೂಲಿ ನಿಂತಿತು. ಮಕ್ಕಳಿಗೆ ಶಾಲೆ ಇಲ್ಲ ಎಂದು ಎಲ್ಲರೂ ಮಾತಾಡಿದೆವು. ಮನೆಯಲ್ಲಿದ್ದ ಮುದುಕರ ಮಾತು ಆಡಿದವರು ಕಡಿಮೆ. ನಮ್ಮ ಯುವಜನರು ಅಕ್ಕಿ ಬೇಳೆ ಹಂಚಲು ಹೋದಾಗ ಕಂಡ ಕೆಲವನ್ನು ಹೆಸರು ಊರು ಬಿಟ್ಟು ಹೇಳುತ್ತೇವೆ. ಕ್ವಾರಂಟೈನ್ ಎಂಬ ಹೆಸರಿನಲ್ಲಿ ಹೊರಗಿನಿಂದ ಚಿಲಕ ಹಾಕಿದ ಕೋಣೆ, ಒಳಗೆ ಜ್ವರವೇ ಇಲ್ಲದ ಒಬ್ಬ ಅಜ್ಜ. ಪಿಂಚಣಿ ಬರುತ್ತಿದ್ದ ಬ್ಯಾಂಕ್ ಕಾರ್ಡು ಮೊಮ್ಮಗನ ಜೇಬಿನಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ಇಪ್ಪತ್ತು ದಿನ. ಬುದ್ಧಿ ಬೆಳೆಯದ ಮೂವತ್ತರ ಹೆಣ್ಣುಮಗಳು, ಅವಳನ್ನು ನೋಡಿಕೊಳ್ಳುತ್ತಿದ್ದ ತಾಯಿ ಆಸ್ಪತ್ರೆ ಸೇರಿದ ಮೇಲೆ ನೆರೆಯವರ ಕಿಟಕಿಯಿಂದ ಬರುವ ಊಟವೇ ಆಧಾರ. ಬೆನ್ನಿನ ಹುಣ್ಣು ವಾಸನೆ ಬಂದ ಮೇಲಷ್ಟೇ ಹೊರಗೆ ಗೊತ್ತಾದ ಅಮ್ಮಚ್ಚಿ. ಇವರಲ್ಲಿ ಯಾರ ಮನೆಯವರೂ ರಾಕ್ಷಸರಲ್ಲ. ಕೆಲಸ ಇಲ್ಲ, ಹೆದರಿಕೆ, ಒಂದೇ ಕೋಣೆಯಲ್ಲಿ ಏಳು ಜನ. ಆದರೂ ಹುಣ್ಣು ಹುಣ್ಣೇ. ಮನೆ ಬಾಗಿಲು ಮುಚ್ಚಿತ್ತು, ಇಗರ್ಜಿಯ ಬಾಗಿಲು ಮುಚ್ಚಿತ್ತು, ಪರಮಪ್ರಸಾದ ಒಯ್ಯುವವರ ನಡೆಯೂ ನಿಂತಿತ್ತು. ಹೊರಗಿನ ಒಂದು ಕಣ್ಣೂ ಒಳಗೆ ಬೀಳದ ತಿಂಗಳುಗಳು ಅವು. ಬೈಗುಳ, ಹೊಡೆತ, ಹಸಿವು ಬೆಳೆಯಲು ಅಷ್ಟು ಸಾಕು.

ಇನ್ನೊಂದನ್ನು ಹೇಳಲು ನಾಲಿಗೆ ಏಳುವುದಿಲ್ಲ. ತೆಂಕಣ ತಮಿಳುನಾಡಿನ ಕೆಲವು ಕಡೆ, ನಮ್ಮ ಜಿಲ್ಲೆಯ ಹೆಸರೂ ಸೇರಿದಂತೆ, ಹಾಸಿಗೆ ಹಿಡಿದ ವೃದ್ಧರನ್ನು ಮನೆಯವರೇ ಬೇಗ ಕಳಿಸಿಬಿಡುವ ತಲೈಕೂತ್ತಲ್ ಎಂಬ ಪದ್ಧತಿಯ ಬಗ್ಗೆ 2010ರ ಹೊತ್ತಿಗೆ ಪತ್ರಿಕೆಗಳು ಬರೆದವು. ಎಣ್ಣೆಸ್ನಾನ, ಎಳನೀರು ಎಂಬ ಒಳ್ಳೆಯ ಹೆಸರುಗಳ ಹಿಂದೆ ಅದು ಅಡಗಿರುತ್ತದೆ. ಕರುಣೆ ಎಂದು ಕರೆದರೂ ಅದು ಕೊಲೆ. ನಮ್ಮ ಜನ ಅಂಥದಕ್ಕೆ ಹೋಗುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವ ಮೊದಲು, ಮಾತ್ರೆ ತಂದುಕೊಡದೆ ಸುಮ್ಮನಿರುವುದು ಅದರಿಂದ ಎಷ್ಟು ದೂರ ಎಂದು ಲೆಕ್ಕ ಹಾಕಬೇಕಾಗುತ್ತದೆ.

ಕಾನೂನು ನಮ್ಮ ಕೈಯಲ್ಲಿದೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯಿದೆಯ ಪ್ರಕಾರ, ಹಿರಿಯರನ್ನು ನೋಡಿಕೊಳ್ಳುವ ಹೊಣೆ ಇದ್ದವರು ಅವರನ್ನು ಎಲ್ಲಾದರೂ ತೊರೆದುಬಿಟ್ಟರೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಜೀವನಾಂಶ ಕೇಳಿ ಆರ್‌ಡಿಒ ಕಚೇರಿಗೆ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಧರ್ಮಸಭೆಯ ಒಳಗೂ ಫ್ರಾನ್ಸಿಸ್ ಜಗದ್ಗುರುಗಳು 2019ರಲ್ಲಿ ತಂದ ನಿಯಮಗಳು ಮಕ್ಕಳ ಜೊತೆಗೆ ಅಸಹಾಯಕ ವಯಸ್ಕರನ್ನೂ ಹೆಸರಿಸಿ ಸೇರಿಸಿಕೊಂಡವು. ಕಾಯಿಲೆಯಿಂದಲೋ, ಅಂಗವೈಕಲ್ಯದಿಂದಲೋ, ಸ್ವಾತಂತ್ರ್ಯ ಇಲ್ಲದೆಯೋ ತಮಗಾಗುವ ಕೇಡನ್ನು ತಡೆಯಲಾರದವರು ಎಂದು ಅಲ್ಲಿ ವಿವರಣೆ ಇದೆ. ರೋಗಿಗಳ ಮನೆಗೆ ಹೋಗುವ ನಮ್ಮಂಥ ಯುವಜನರೂ ಇದನ್ನು ಮನಸ್ಸಿನಲ್ಲಿಡಬೇಕು. ಅದಕ್ಕೇ ಇನ್ನು ಮುಂದೆ ಯಾರೂ ಒಬ್ಬೊಬ್ಬರೇ ಹೋಗುವುದಿಲ್ಲ, ಇಬ್ಬರು ಹೋಗುತ್ತೇವೆ. ಹಿರಿಯರ ಹಣ, ಕಾರ್ಡು, ಒಡವೆಗೆ ಕೈ ಹಾಕುವುದಿಲ್ಲ. ಕಂಡದ್ದನ್ನು ಗುರುಗಳಿಗೆ ತಿಳಿಸುತ್ತೇವೆ, ಬೀದಿಯಲ್ಲಿ ಹೇಳುವುದಿಲ್ಲ.

ಮುಲ್ಲರ್ ಸ್ವಾಮಿಗಳು ಹೋದ ಮೇಲೆ ಅವರ ಗುಡ್ಡ ಬರಿದಾಗಲಿಲ್ಲ. ಔಷಧಾಲಯ ದೊಡ್ಡ ಆಸ್ಪತ್ರೆಯಾಯಿತು. ಆಡಳಿತ ಮಂಗಳೂರು ಧರ್ಮಪ್ರಾಂತ್ಯದ ಕೈಗೆ ಬಂತು. 1985ರಲ್ಲಿ ಹೋಮಿಯೋಪತಿ ಕಾಲೇಜು, 1999ರಲ್ಲಿ ಮೆಡಿಕಲ್ ಕಾಲೇಜು ಆರಂಭವಾದವು. ಕೇವಲ ಗುಳಿಗೆಯ ಪೆಟ್ಟಿಗೆಯಿಂದ ಶುರುವಾದ ಕಡೆ ಈಗ ಎಂಬಿಬಿಎಸ್ ಕಲಿಸುತ್ತಾರೆ. ಪ್ಲೇಗು ಊರು ಬಿಟ್ಟು ಹೋಗಿ ಆ ಹೆಸರಿನ ಆಸ್ಪತ್ರೆಗೆ ಕೆಲಸವಿಲ್ಲದಾಯಿತು. ನಾವು ಅಲ್ಲಿಗೆ ಹೋಗುವುದಿದ್ದರೆ ದೊಡ್ಡ ಕಟ್ಟಡಗಳಿಗಿಂತ ಮೊದಲು ನೋಡಬೇಕೆಂದಿರುವುದು ಸಂತ ಜೋಸೆಫರ ಹೆಸರಿನ ಆ ಹಳೆಯ ಆಶ್ರಯದ ಜಾಗವನ್ನು.

ಕೊನೆಯಲ್ಲಿ ಒಂದು ಪ್ರಕಟಣೆ. ಮೃತರ ಹೆಸರು ಬರೆದು ಕೊಡಲು ಇಗರ್ಜಿಯ ಬಾಗಿಲಲ್ಲಿ ಪ್ರತಿ ವರ್ಷದಂತೆ ಪೆಟ್ಟಿಗೆ ಇಟ್ಟಿದ್ದೇವೆ. ಈ ಸಲ ಅದರ ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಇದೆ. ಅದರಲ್ಲಿ ಬದುಕಿರುವವರ ಹೆಸರು ಹಾಕಿ. ಬಲಿಪೂಜೆಗೆ ಬರಲಾಗದ ಹಿರಿಯರು, ಹಾಸಿಗೆ ಹಿಡಿದವರು, ಒಬ್ಬರೇ ಇರುವವರು, ತಮ್ಮ ಮಾತು ತಾವೇ ಹೇಳಲಾರದವರು, ಯಾವ ಭಾಷೆಯವರಾದರೂ ಸರಿ. ಹೆಸರು, ಬೀದಿ, ಗೊತ್ತಿದ್ದರೆ ಅವರು ತೆಗೆದುಕೊಳ್ಳುವ ಮಾತ್ರೆ. ಬರೆದವರ ಹೆಸರು ಬೇಕಿಲ್ಲ. ಪೆಟ್ಟಿಗೆಯ ಕೀಲಿ ಗುರುಗಳ ಬಳಿ ಮಾತ್ರ ಇರುತ್ತದೆ. ತಿಂಗಳ ಮೂರನೆಯ ಭಾನುವಾರ ಎರಡನೆಯ ಪೂಜೆ ಮುಗಿದ ಮೇಲೆ ಹೊರಡುತ್ತೇವೆ. ಸ್ಕೂಟರ್ ಇರುವ ಯುವಜನರು ಹೆಲ್ಮೆಟ್ ತರಬೇಕು. ತಮಿಳು, ಮಲಯಾಳ ಚೆನ್ನಾಗಿ ಬರುವ ಇಬ್ಬರು ಅಕ್ಕಂದಿರು ಜೊತೆಗೆ ಬಂದರೆ ಉಪಕಾರವಾಗುತ್ತದೆ.